ಒಂಬತ್ತನೇ ದಿನಕ್ಕೆ ನಿಂತ ಗುಳಿಗೆ: ಒಬ್ಬ ಲಂಬಾಣಿ ರೋಗಿ, ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು

ಈ ಪ್ರಕರಣ ನಡೆದದ್ದು ಹುಬ್ಬಳ್ಳಿ-ಧಾರವಾಡ ಭಾಗದ ಒಂದು ಬೋಧನಾ ಆಸ್ಪತ್ರೆಯಲ್ಲಿ. ರೋಗಿ ಗದಗ ಜಿಲ್ಲೆಯ ಒಂದು ತಾಂಡಾದ ಲಂಬಾಣಿ ಮಹಿಳೆ, ವಯಸ್ಸು 52ರ ಆಸುಪಾಸು. ಅವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸುವ ಅಧ್ಯಾಪಕಿ. ಇದರಲ್ಲಿ ತಪ್ಪಿದವರ ಪೈಕಿ ನಾನೂ ಒಬ್ಬಳಾದ್ದರಿಂದ ವಿದ್ಯಾರ್ಥಿಗಳ ತಪ್ಪನ್ನಷ್ಟೇ ಹೇಳಿ ಮುಗಿಸಲು ಬರುವುದಿಲ್ಲ.

ನಮ್ಮ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗಿನ ಹೊತ್ತು ಕುಳಿತರೆ ಈ ನಾಡು ಎಷ್ಟು ಬಗೆಯದು ಎಂಬುದು ಕಣ್ಣಿಗೆ ಬೀಳುತ್ತದೆ. ನವಲಗುಂದದ ರೈತ, ಹಳೇ ಹುಬ್ಬಳ್ಳಿಯ ದಖನಿ ಉರ್ದು ಮಾತಾಡುವ ಅಜ್ಜಿ, ಕಲಘಟಗಿ ಕಡೆಯ ಕಾಡಂಚಿನ ಸಿದ್ದಿ ಕುಟುಂಬ, ಮುಂಡಗೋಡದ ಶಿಬಿರದಿಂದ ಬಂದ ಟಿಬೆಟಿಯನ್ ಭಿಕ್ಷು, ಗೋವಾದಲ್ಲಿ ದುಡಿದು ಜಡ್ಡು ಬಿದ್ದು ಊರಿಗೆ ಮರಳಿದ ತಾಂಡಾದ ಹುಡುಗ, ಎಲ್ಲರೂ ಒಂದೇ ಸಾಲಿನಲ್ಲಿ ಚೀಟಿ ಹಿಡಿದು ನಿಂತಿರುತ್ತಾರೆ. ಮೇಜಿನ ಈಚೆ ಕುಳಿತವರೂ ಒಂದೇ ಕಡೆಯವರಲ್ಲ. ಸರ್ಕಾರಿ ಕಾಲೇಜುಗಳ ಎಂಬಿಬಿಎಸ್ ಸೀಟುಗಳಲ್ಲಿ ಶೇ. 15ರಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಕೇರಳ, ಬಿಹಾರ, ರಾಜಸ್ಥಾನಗಳ ಮಕ್ಕಳು ಇಲ್ಲಿಗೆ ಬರುತ್ತಾರೆ. ಉಳಿದವರಲ್ಲಿಯೂ ಬಹಳಷ್ಟು ಮಂದಿ ಬೆಂಗಳೂರು, ಮೈಸೂರು, ಕರಾವಳಿಯವರು.

ಈ ರೋಗಿಯನ್ನು ಮೊದಲು ನೋಡಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬಳು ಮೈಸೂರು ಕಡೆಯವಳು, ಇನ್ನೊಬ್ಬ ರಾಜಸ್ಥಾನದವನು. ಇಬ್ಬರೂ ಓದಿನಲ್ಲಿ ಮುಂದಿದ್ದವರು, ಮನಸ್ಸಿನಿಂದ ಒಳ್ಳೆಯವರು.

ಮೊದಲ ಭೇಟಿ

ಶ್ರಾವಣ ಮುಗಿಯುತ್ತ ಬಂದಿತ್ತು. ಆರು ವಾರದಿಂದ ಕೆಮ್ಮು, ಸಂಜೆ ಸಂಜೆಗೆ ಜ್ವರ, ತೂಕ 41 ಕಿಲೋ. ರೋಗಿಯ ಜೊತೆಗೆ ಬಂದಿದ್ದವನು 14 ವರ್ಷದ ಮೊಮ್ಮಗ. ಮನೆಯ ಗಂಡಸರೆಲ್ಲ ದುಡಿಯಲು ಹೋಗಿದ್ದರು. ಶಾಲೆಯಲ್ಲಿ ಕನ್ನಡ ಕಲಿತಿದ್ದ ಹುಡುಗನೇ ಅಜ್ಜಿಗೂ ವಿದ್ಯಾರ್ಥಿಗಳಿಗೂ ನಡುವೆ ದುಭಾಷಿಯಾದ. ಹಾಗೆ ಮಾಡೆಂದು ಯಾರೂ ಹೇಳಲಿಲ್ಲ. ಹುಡುಗ ಎದುರಿಗೆ ನಿಂತಿದ್ದ, ಕನ್ನಡ ಬರುತ್ತಿತ್ತು, ಹಾಗಾಗಿ ಕೆಲಸ ಅವನ ಪಾಲಿಗೆ ಬಂತು.

ರೋಗದ ಇತಿಹಾಸ ಬರೆದುಕೊಳ್ಳುವುದು ಹತ್ತು ನಿಮಿಷದಲ್ಲಿ ಮುಗಿಯಿತು. ಕಫ ಪರೀಕ್ಷೆಗೆ ಬರೆದು, ಎದೆಯ ಎಕ್ಸ್‌ರೇಗೆ ಕಳಿಸಿದರು. ತೊಡಕು ಮೊದಲು ಕಂಡದ್ದು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ. ಆಕೆ ಹಳೆಯ ಪದ್ಧತಿಯ ಉಡುಗೆಯವರು: ಕನ್ನಡಿ ಹೊಲಿದ ಕಾಂಚಳಿ ಎಂಬ ರವಿಕೆ, ಕೊರಳಲ್ಲಿ ನಾಣ್ಯದ ಸರ, ಕೂದಲಿಗೆ ಕಟ್ಟಿ ಕೆನ್ನೆಯ ಎರಡೂ ಬದಿಗೆ ಇಳಿಬಿಟ್ಟ ಘುಗ್ರಿ. ಲೋಹದ್ದೆಲ್ಲವನ್ನೂ ತೆಗೆದು ಒಳಗೆ ಬರಬೇಕೆಂದು ವಿದ್ಯಾರ್ಥಿನಿ ಹೇಳಿದಳು. ಆಕೆ ನಾಣ್ಯದ ಸರ ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟರು. ಘುಗ್ರಿಯನ್ನೂ ತೆಗೆಯಿರಿ ಎಂದಾಗ ಕೈ ನಿಂತಿತು. ಮೊಮ್ಮಗನಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಅವನು ಅದನ್ನು ಕನ್ನಡಕ್ಕೆ ತಾರದೆ, ‘ಬ್ಯಾಡಂತ್ರೀ’ ಎಂದಷ್ಟೇ ಹೇಳಿದ. ಹಿಂದೆ ಸಾಲು ಬೆಳೆದಿತ್ತು. ಆಕೆ ಸರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೊರಗೆ ನಡೆದರು. ಕೇಸ್ ಶೀಟಿನಲ್ಲಿ ‘ಎಕ್ಸ್‌ರೇ ನಿರಾಕರಿಸಿದ್ದಾರೆ, ಸಹಕರಿಸುತ್ತಿಲ್ಲ’ ಎಂದು ಬರೆಯಲಾಯಿತು. ಅದರ ಕೆಳಗೆ ಸಹಿ ಮಾಡಿದವಳು ನಾನು. ಏಕೆ ನಿರಾಕರಿಸಿದರು ಎಂದು ನಾನು ಕೇಳಲಿಲ್ಲ.

ಲಂಬಾಣಿ ಹೆಂಗಸರಲ್ಲಿ ಘುಗ್ರಿ, ಟೋಪ್ಲಿ ಎಂಬ ತಲೆಯ ಆಭರಣಗಳು ಮುತ್ತೈದೆತನದ ಗುರುತು. ಗಂಡ ತೀರಿಕೊಂಡಾಗ ಅವನ್ನು ತೆಗೆಯುತ್ತಾರೆ. ಗಂಡ ದೂರದೂರಿನಲ್ಲಿ ಕಟ್ಟಡದ ಮೇಲೆ ಹತ್ತಿ ದುಡಿಯುತ್ತಿರುವಾಗ, ಆಸ್ಪತ್ರೆಯ ಕಾರಿಡಾರಿನಲ್ಲಿ, ಗುರುತಿಲ್ಲದವರ ಮಾತಿಗೆ ಅದನ್ನು ಬಿಚ್ಚುವುದೆಂದರೆ ಆಕೆಗೆ ಏನು ಎಂಬುದನ್ನು ಹಿಂದೂ ಮುಸ್ಲಿಂ ಭೇದವಿಲ್ಲದೆ ಈ ಭಾಗದ ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ನೋವಿನ ಸಂಗತಿಯೆಂದರೆ ಅದನ್ನು ತೆಗೆಯುವ ಅಗತ್ಯವೇ ಇರಲಿಲ್ಲ. ಎದೆಯ ಎಕ್ಸ್‌ರೇಯಲ್ಲಿ ನಮಗೆ ಕಾಣಬೇಕಾದದ್ದು ಶ್ವಾಸಕೋಶದ ತುದಿಯಿಂದ ಬುಡದವರೆಗಿನ ಭಾಗ. ನಾಣ್ಯದ ಸರ ಮತ್ತು ಕನ್ನಡಿಯ ಕಾಂಚಳಿ ಆ ಭಾಗದ ಮೇಲೆ ನೆರಳು ಬೀಳಿಸುತ್ತವೆ, ಅವನ್ನು ತೆಗೆದು ಆಸ್ಪತ್ರೆಯ ಗೌನು ಹಾಕಲೇಬೇಕು. ಕೆನ್ನೆಯ ಬದಿಯಲ್ಲಿ ತೂಗುವ ಘುಗ್ರಿಯನ್ನು ಮೇಲೆತ್ತಿ ತಲೆಯ ಮೇಲೆ ಕಟ್ಟಿದ್ದರೆ ಸಾಕಾಗಿತ್ತು. ‘ಲೋಹದ್ದೆಲ್ಲ’ ಎಂಬ ನಿಯಮವನ್ನು ಬಾಯಿಪಾಠ ಮಾಡಿದವರಿಗೆ ಆ ನಿಯಮ ಏತಕ್ಕಾಗಿ ಇದೆ ಎಂಬುದು ಮರೆತುಹೋಗಿತ್ತು. ಸಂಸ್ಕೃತಿಯ ವಿಷಯವೆಂದು ನಾವು ಕರೆಯುವ ಎಷ್ಟೋ ಜಗಳಗಳ ಬುಡದಲ್ಲಿ ಹೀಗೆ ಅರ್ಧ ಕಲಿತ ವೈದ್ಯಶಾಸ್ತ್ರವೇ ಇರುತ್ತದೆಂದು ನನಗೆ ಈಗ ಅನ್ನಿಸುತ್ತದೆ.

ಕಫದಲ್ಲಿ ಕ್ಷಯ ಇರುವುದು ಖಚಿತವಾಯಿತು, ರಿಫಾಂಪಿಸಿನ್ ಔಷಧಕ್ಕೆ ಜಗ್ಗದ ಬಗೆಯದಲ್ಲ ಎಂಬುದೂ ತಿಳಿಯಿತು. ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ಮೊದಲ 2 ತಿಂಗಳು ನಾಲ್ಕು ಔಷಧಗಳು ಸೇರಿದ ಗುಳಿಗೆ, ಆಮೇಲೆ 4 ತಿಂಗಳು ಮೂರು ಔಷಧಗಳದ್ದು. ಅವರ ತೂಕಕ್ಕೆ ದಿನಕ್ಕೆ 3 ಗುಳಿಗೆ. ‘ಆರು ತಿಂಗಳು ತಪ್ಪದೇ ಸೇವಿಸಬೇಕು, ಅಡ್ಡಪರಿಣಾಮ ಕಂಡುಬಂದರೆ ತಿಳಿಸಬೇಕು’ ಎಂದು ವಿದ್ಯಾರ್ಥಿನಿ ಹೇಳಿದಳು. ಹುಡುಗ ಅದನ್ನು ಅಜ್ಜಿಗೆ ಒಂದೇ ವಾಕ್ಯದಲ್ಲಿ ಮುಟ್ಟಿಸಿದ. ಆಕೆ ‘ಹೂಂ’ ಎಂದರು. ಗುಳಿಗೆಯನ್ನು ಊರ ಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೊಡುವ ವ್ಯವಸ್ಥೆಯಾಯಿತು.

ಎರಡನೆಯ ಭೇಟಿ

ಮಹಾನವಮಿಯ ಹೊತ್ತಿಗೆ ಆಕೆಯನ್ನು ಮತ್ತೆ ಕರೆತಂದರು. ಈ ಸಲ ಕಫದಲ್ಲಿ ರಕ್ತದ ಎಳೆಗಳಿದ್ದವು, ತೂಕ ಇನ್ನೂ ಎರಡು ಕಿಲೋ ಇಳಿದಿತ್ತು. ಒಳರೋಗಿಯಾಗಿ ಸೇರಿಸಿಕೊಂಡೆವು. ಅದೇ ಇಬ್ಬರು ವಿದ್ಯಾರ್ಥಿಗಳಿಗೆ ಅದೇ ಹಾಸಿಗೆ ಹಂಚಿಕೆಯಾದದ್ದು ಕೇವಲ ಯೋಗಾಯೋಗ. ಗುಳಿಗೆ ತಗೊಂಡಿರೇನು ಎಂದು ಕೇಳಿದಾಗ ಆಕೆ ‘ಹೂಂ’ ಎಂದರು. ಆರೋಗ್ಯ ಕೇಂದ್ರದಿಂದ ತರಿಸಿದ ಲೆಕ್ಕದಲ್ಲಿ ಗುಳಿಗೆಯ ಪಟ್ಟಿಗಳು ಬಹುಪಾಲು ಹಾಗೆಯೇ ಉಳಿದಿದ್ದವು. ‘ರೋಗಿಗೆ ಕಾಯಿಲೆಯ ಗಂಭೀರತೆಯ ಅರಿವಿಲ್ಲ, ಸುಳ್ಳು ಹೇಳುತ್ತಿದ್ದಾರೆ’ ಎಂದು ವಿದ್ಯಾರ್ಥಿನಿ ಪ್ರಕರಣ ಮಂಡಿಸಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. ತಾನು ಹೇಳಿದ್ದನ್ನು ಕೇಳದೆ ಒಬ್ಬರು ಸಾವಿನ ಕಡೆ ನಡೆಯುತ್ತಿದ್ದಾರೆಂಬ ಬೇಸರ ಅದು.

ಈ ಭಾಗದಲ್ಲಿ ‘ಹೂಂ’ ಎಂಬುದು ಒಪ್ಪಿಗೆಗಿಂತ ಮೊದಲು ಒಂದು ಮರ್ಯಾದೆ. ಹಿರಿಯರೋ ಅಧಿಕಾರಿಯೋ ಮಾತಾಡುವಾಗ ನಿಮ್ಮ ಮಾತು ಕಿವಿಗೆ ಬಿತ್ತು ಎಂದು ತಿಳಿಸುವ ಸದ್ದು ಅದು. ಅದನ್ನು ಉತ್ತರವೆಂದು ಬರೆದುಕೊಳ್ಳುವವರು ತಮ್ಮ ಪ್ರಶ್ನೆಗೆ ತಾವೇ ಉತ್ತರ ಬರೆದಂತೆ.

ರಾಜಸ್ಥಾನದ ಹುಡುಗ ಆ ದಿನ ಒಂದು ಸಂಗತಿ ಹೇಳಿದ. ಮೊದಲ ಭೇಟಿಯಲ್ಲಿಯೇ ಅವನಿಗೆ ಆಕೆಯ ಮಾತಿನ ಕೆಲವು ಶಬ್ದಗಳು ತಿಳಿದಿದ್ದವು. ಲಂಬಾಣಿ ಭಾಷೆ ರಾಜಸ್ಥಾನಿ ಭಾಷೆಗಳ ಬಳಗದ್ದಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಕನ್ನಡ ಬಾರದೆಂದು ಎರಡು ವರ್ಷಗಳಿಂದ ಎಲ್ಲರ ಹಿಂದೆ ನಿಲ್ಲುತ್ತಿದ್ದ ಹುಡುಗ ಈಗ ಮುಂದೆ ಬಂದು ‘ಯಾಡಿ’ ಎಂದು, ಅಂದರೆ ತಾಯಿ ಎಂದು, ಕರೆದಾಗ ಆಕೆಯ ಮುಖ ಅರಳಿದ್ದನ್ನು ನಾನು ಕಂಡೆ. ಆದರೆ ಅವನಿಗೂ ಒಂದು ಪಾಠ ಕಾದಿತ್ತು. ಆಹಾರದ ಕಾಲಮಿನಲ್ಲಿ ಅವನು ಗೋಧಿಯ ಬಾಟಿ, ತುಪ್ಪ ಎಂದು ಬರೆದಿದ್ದ. ಆಕೆ ಹೇಳಿದ್ದು ‘ಬಾಟಿ’ ಎಂದೇ. ಅವನ ಊರಿನಲ್ಲಿ ಅದು ಕೆಂಡದ ಮೇಲೆ ಸುಟ್ಟು ತುಪ್ಪದಲ್ಲಿ ಅದ್ದುವ ಗೋಧಿಯ ಉಂಡೆ, ಆಕೆಯ ಮನೆಯಲ್ಲಿ ಅದು ಬರೀ ಜೋಳದ ರೊಟ್ಟಿ. 39 ಕಿಲೋ ತೂಗುವ ಹೆಂಗಸು ದಿನಾ ತುಪ್ಪ ತಿನ್ನುತ್ತಾರೆಂದು ನಮ್ಮ ಕಾಗದ ಹೇಳುತ್ತಿತ್ತು. ಒಂದೇ ಶಬ್ದ ಎರಡು ಮನೆಗಳಲ್ಲಿ ಎರಡು ತಾಟಿಗೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತಾಗಿದ್ದು, ತಾಟಿನಲ್ಲಿ ಏನಿರುತ್ತದೆ ಎಂದು ಬಿಡಿಸಿ ಕೇಳಿದ ಮೇಲೆ.

ಮೈಸೂರಿನ ವಿದ್ಯಾರ್ಥಿನಿಯ ತೊಡಕು ಇನ್ನೊಂದು ಬಗೆಯದು. ತನಗೆ ಕನ್ನಡ ಬರುತ್ತದೆ, ಆದ್ದರಿಂದ ಭಾಷೆಯ ಅಡ್ಡಿ ತನಗಿಲ್ಲ ಎಂದು ಅವಳು ನಂಬಿದ್ದಳು. ‘ಮೂತ್ರದಲ್ಲಿ ಏನಾದರೂ ತೊಂದರೆ ಇದೆಯಾ’ ಎಂದು ಅವಳು ಮೊದಲ ಸಲವೂ ಕೇಳಿದ್ದಳು, ಎರಡನೆಯ ಸಲವೂ ಕೇಳಿದಳು. ಇಲ್ಲಿನ ಹಳ್ಳಿಗಳಲ್ಲಿ ಆ ಮಾತಿಗೆ ಕಾಲ್ಮಡಿ ಎನ್ನುತ್ತಾರೆ, ಇಲ್ಲವೇ ನೇರವಾಗಿ ಉಚ್ಚಿ ಎನ್ನುತ್ತಾರೆ. ಅದೂ ಅಲ್ಲದೆ, ಕೇಳಿದ್ದು ಮೊಮ್ಮಗನ ಬಾಯಿಂದ.

ಆ ಮಧ್ಯಾಹ್ನ

ವಾರ್ಡಿನಲ್ಲಿ ಕೆಲಸ ಮಾಡುವ ಆಯಾ ಒಬ್ಬರು ಲಕ್ಷ್ಮೇಶ್ವರದ ಹತ್ತಿರದ ತಾಂಡಾದವರು. ಮೊಮ್ಮಗನನ್ನು ಚಹಾ ಕುಡಿದು ಬಾ ಎಂದು ಕೆಳಗೆ ಕಳಿಸಿ, ಅವರನ್ನು ಕರೆದು ಹಾಸಿಗೆಯ ಬದಿಯಲ್ಲಿ ಕೂರಿಸಿದೆವು. ಪರದೆ ಎಳೆದೆವು. ವಿದ್ಯಾರ್ಥಿನಿ ಸ್ಟೂಲಿನ ಮೇಲೆ ಕುಳಿತಳು. ನಿಂತು ಕೇಳುವುದಕ್ಕೂ ಕುಳಿತು ಕೇಳುವುದಕ್ಕೂ ಎಷ್ಟು ಅಂತರವಿದೆ ಎಂದು ನಾನು ಇಷ್ಟು ವರ್ಷ ಪಾಠದಲ್ಲಿ ಹೇಳಿದ್ದೇನೆ, ವಾರ್ಡಿನಲ್ಲಿ ಸ್ಟೂಲು ಇದೆಯೋ ಇಲ್ಲವೋ ನೋಡಿರಲಿಲ್ಲ. ಅದನ್ನು ಪಕ್ಕದ ವಾರ್ಡಿನಿಂದ ತರಬೇಕಾಯಿತು.

ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲಿ ಸೂಚಿಸಿದ ಪ್ರಶ್ನೆಗಳ ಬಗೆಯನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ: ಈ ಕಾಯಿಲೆ ಏಕೆ ಬಂತೆಂದು ನಿಮಗೆ ಅನ್ನಿಸುತ್ತದೆ, ಅದು ಮೈಯಲ್ಲಿ ಏನು ಮಾಡುತ್ತಿದೆ, ನಿಮಗೆ ಎಲ್ಲಕ್ಕಿಂತ ಹೆಚ್ಚು ಯಾವುದರ ಅಂಜಿಕೆ. ಪುಸ್ತಕದ ಕನ್ನಡದಲ್ಲಿ ಇವು ಪರೀಕ್ಷೆಯ ಪ್ರಶ್ನೆಗಳಂತೆ ಕೇಳಿಸುತ್ತವೆ. ಆಯಾ ಅವನ್ನೆಲ್ಲ ಬದಿಗಿಟ್ಟು ವಿದ್ಯಾರ್ಥಿನಿಯ ಕಡೆಯಿಂದ ತಾವೇ ಹೀಗೆ ಕೇಳಿದರು: ‘ಈ ಗುಳಿಗಿ ನುಂಗಿದ ಮ್ಯಾಲೆ ಮೈಯಾಗ ಏನೇನ ಆತು, ಒಂದೊಂದ ಹೇಳಬೇ ಯವ್ವಾ.’ ಆಮೇಲೆ ಇಬ್ಬರೂ ತಮ್ಮ ಮಾತಿಗೆ ಇಳಿದರು. ರೋಗಿ ಬಹಳ ಹೊತ್ತು ಸುಮ್ಮನಿದ್ದರು. ವಿದ್ಯಾರ್ಥಿನಿ ಎರಡು ಸಲ ಮುಂದಿನ ಪ್ರಶ್ನೆಗೆ ಬಾಯಿ ತೆರೆದಳು, ಎರಡು ಸಲವೂ ಆಯಾ ಕೈಯಿಂದಲೇ ತಡೆದರು.

ಮಾತು ಹೊರಬಂತು. ಮೊದಲ ದಿನವೇ ಕಾಲ್ಮಡಿ ಕೆಂಪಗೆ ಹೋಗಿತ್ತು. ಆಕೆ ಹೆದರಿದರೂ ಒಂಬತ್ತು ದಿನ ತಾಳಿದರು. ಆಯಾ ಅದನ್ನು ಕನ್ನಡಕ್ಕೆ ತಂದದ್ದು ಈ ಮಾತಿನಲ್ಲಿ: ‘ಮೈಯಾಗಿನ ರಕ್ತ ಕರಗಿ ಹೊಂಟೈತಿ ಅಂತಾಳ್ರಿ. ಮೊದ್ಲ ಮೈಯಾಗ ಏನೂ ಉಳದಿಲ್ಲ, ಇದನ್ನೂ ನುಂಗಿದ್ರ ಹೆಂಗ ಉಳೀಲಿ ಅಂತ ಬಿಟ್ಟೀನಿ ಅಂತಾಳ.’ ಇದನ್ನು ಯಾರಿಗೂ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಆಕೆ ಬಾಗಿಲ ಕಡೆ ನೋಡಿದರು. ಮೊಮ್ಮಗನ ಎದುರು ಹೆಂಗಸು ಉಚ್ಚಿಯ ಮಾತಾಡುವುದೆ?

ಆ ಗುಳಿಗೆಯಲ್ಲಿರುವ ರಿಫಾಂಪಿಸಿನ್ ನುಂಗಿದವರ ಮೂತ್ರ, ಬೆವರು, ಕಣ್ಣೀರು ಕೇಸರಿಗೆಂಪು ಬಣ್ಣಕ್ಕೆ ತಿರುಗುತ್ತವೆ. ಎರಡನೇ ವರ್ಷದ ಔಷಧಶಾಸ್ತ್ರದ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಮ್ಮ ಯಾವ ವಿದ್ಯಾರ್ಥಿಯೂ ತಪ್ಪುವುದಿಲ್ಲ. ಅದೇ ವಿದ್ಯಾರ್ಥಿಗಳು ಆ ಗುಳಿಗೆಯನ್ನು ರೋಗಿಯ ಕೈಗೆ ಕೊಡುವಾಗ ಅದನ್ನು ‘ಅಡ್ಡಪರಿಣಾಮ’ ಎಂಬ ಒಂದು ಶಬ್ದದೊಳಗೆ ಮುಚ್ಚಿ ಕೊಟ್ಟರು. ಆಕೆಯ ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ: ಮೈ ಇಳಿಯುತ್ತಿದೆ, ಕೆಂಪು ಹೊರಗೆ ಹೋಗುತ್ತಿದೆ, ಎರಡೂ ಸೇರಿ ರಕ್ತ ಕಡಿಮೆಯಾಗುತ್ತಿದೆ. ತಿಳಿದ ಮಟ್ಟಿಗೆ ತನ್ನ ಜೀವ ಕಾಯಲು ಆಕೆ ಗುಳಿಗೆ ನಿಲ್ಲಿಸಿದರು. ನಮ್ಮ ಕಾಗದ ಅದನ್ನು ಅರಿವಿಲ್ಲದಿರುವಿಕೆ ಎಂದು ಬರೆಯಿತು.

ಮುಂದೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸುಮ್ಮನೆ ‘ಅಂಜಬೇಡಿ’ ಎನ್ನುವುದೂ ಇಲ್ಲಿ ಅಪಾಯ. ಆಯಾ ಲೋಟದಲ್ಲಿ ನೀರು ತಂದರು. ವಿದ್ಯಾರ್ಥಿನಿ ಒಂದು ಗುಳಿಗೆ ಮುರಿದು ಅದರಲ್ಲಿ ಹಾಕಿ ಅಲುಗಿಸಿದಳು. ಚೂರಿನ ಸುತ್ತ ಬಣ್ಣ ಮೆಲ್ಲಗೆ ಬಿಚ್ಚಿಕೊಂಡು ಲೋಟದ ತಳದಿಂದ ಮೇಲಕ್ಕೆ ಹರಡಿತು. ರೋಗಿ ಲೋಟವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಈ ಬಣ್ಣ ಗುಳಿಗೆಯದು, ರಕ್ತದ್ದಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ಅದು ಅವರಿಗೆ ಹೊಳೆದಿತ್ತು. ಆದರೆ ಇದೇ ಔಷಧಗಳು ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಡುತ್ತವೆ. ಆಗ ಕಣ್ಣು ಹಳದಿಯಾಗುತ್ತದೆ, ವಾಂತಿ ಬರುತ್ತದೆ, ಊಟ ಸೇರುವುದಿಲ್ಲ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೇಸರಿ ಬಣ್ಣಕ್ಕೆ ಅಂಜಬಾರದು, ಕಣ್ಣು ಹಳದಿಯಾದರೆ ಒಂದು ದಿನವೂ ಕಾಯಬಾರದು. ಈ ಎರಡನ್ನೂ ಬೇರೆ ಬೇರೆಯಾಗಿ ಮನಸ್ಸಿಗೆ ಮುಟ್ಟಿಸುವುದೇ ವೈದ್ಯರ ಕೆಲಸ. ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ‘ತಿಳೀತೇನು’ ಎಂದು ಕೇಳಿದರೆ ಮತ್ತೆ ‘ಹೂಂ’ ಬರುತ್ತದೆ. ಆದ್ದರಿಂದ ಮನೆಗೆ ಹೋಗಿ ಸೊಸೆಗೆ ಹೇಗೆ ಹೇಳುತ್ತೀರಿ, ನಮಗೆ ಹೇಳಿ ತೋರಿಸಿ ಎಂದು ಕೇಳಿಸಿದೆವು. ಆಕೆ ಬಣ್ಣದ ಮಾತನ್ನು ಸರಿಯಾಗಿ ಹೇಳಿದರು, ಕಣ್ಣಿನ ಮಾತನ್ನು ಬಿಟ್ಟರು. ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.

ಆ ಮಧ್ಯಾಹ್ನವೇ ಗೊತ್ತಾದ ಮತ್ತೊಂದು ಸಂಗತಿಯೆಂದರೆ ದೀಪಾವಳಿ ಮುಗಿದ ಮೇಲೆ ಮನೆಯವರೆಲ್ಲ ಗೋವಾಕ್ಕೆ ಗುಳೆ ಹೋಗುವವರಿದ್ದರು, ಆಕೆಯೂ ಅಡುಗೆಗೆಂದು ಜೊತೆಗೆ ಹೊರಟಿದ್ದರು. ಇದನ್ನು ನಾವು ಮೊದಲ ಭೇಟಿಯಲ್ಲಿ ಕೇಳಿರಲೇ ಇಲ್ಲ. ಕ್ಷಯ ರೋಗಿಗಳ ದಾಖಲೆ ಇರುವ ನಿಕ್ಷಯ್ ಜಾಲತಾಣದ ಮೂಲಕ ಚಿಕಿತ್ಸೆಯನ್ನು ಬೇರೆ ರಾಜ್ಯದ ಕೇಂದ್ರಕ್ಕೆ ವರ್ಗಾಯಿಸಬಹುದು. ಗುಳೆ ಹೋಗುವುದು ಮೊದಲೇ ತಿಳಿದರೆ ಅದು ಒಂದು ದಿನದ ಕೆಲಸ. ತಿಳಿಯದಿದ್ದರೆ ರೋಗಿ ಕೈತಪ್ಪಿ ಹೋದರು ಎಂಬ ಷರಾ ಬೀಳುತ್ತದೆ.

ಪಠ್ಯಕ್ರಮದಲ್ಲಿ ಇಲ್ಲವೆಂದೇನಲ್ಲ

ವೃತ್ತಿಯ ಮನೋಭಾವ, ನೀತಿ, ಸಂವಹನ ಕಲಿಸುವ ಅಟ್‌ಕಾಮ್ ಪಾಠಗಳು 2018ರಲ್ಲಿ ಬಂದವು. 2019ರಲ್ಲಿ ಸೇರಿದ ತಂಡದಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಜಾರಿಯಾಗಿದೆ. ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ, ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಹೋಗುತ್ತಾರೆ. ನಮ್ಮ ಇಬ್ಬರು ವಿದ್ಯಾರ್ಥಿಗಳೂ ಇವನ್ನೆಲ್ಲ ದಾಟಿ ಬಂದವರು, ಲಾಗ್‌ಬುಕ್ಕಿನಲ್ಲಿ ಎಲ್ಲಕ್ಕೂ ಸಹಿ ಬಿದ್ದಿತ್ತು. ಆದರೆ ಭಾಷೆಯ ತರಗತಿಯಲ್ಲಿ ಕಲಿಸಿದ್ದು ‘ನಿಮ್ಮ ಹೆಸರೇನು, ನಿಮಗೆ ಏನು ತೊಂದರೆ’ ಎಂಬ ಪುಸ್ತಕದ ಕನ್ನಡ. ಜಡ್ಡು, ಬ್ಯಾನಿ, ದಮ್ಮು, ಕಾವು, ಕಾಲ್ಮಡಿ, ಬಿಳಿಸೆರಗು ಇವು ಅದರಲ್ಲಿ ಇರಲಿಲ್ಲ. ದತ್ತು ತೆಗೆದುಕೊಂಡ ಮನೆಗಳು ಬಸ್ಸು ನಿಲ್ಲುವ ಊರಿನವು. ತಾಂಡಾಕ್ಕೆ ಅಲ್ಲಿಂದ ಇನ್ನೂ ಮೂರು ಕಿಲೋಮೀಟರ್ ನಡೆಯಬೇಕು.

ಪ್ರಕರಣವನ್ನು ವಿಭಾಗದಲ್ಲಿ ಚರ್ಚೆಗಿಟ್ಟಾಗ ಇನ್ನೊಂದು ತಪ್ಪು ದಾರಿಯೂ ಕಂಡಿತು. ಒಬ್ಬ ವಿದ್ಯಾರ್ಥಿ ಉತ್ಸಾಹದಿಂದ ಒಂದು ಸ್ಲೈಡು ಮಾಡಿದ, ಅದರಲ್ಲಿ ‘ಲಂಬಾಣಿ ಮಹಿಳೆಯರು ಆಭರಣ ತೆಗೆಯುವುದಿಲ್ಲ’ ಎಂದು ಬರೆದಿದ್ದ. ಅದೇ ವಾರ ರೋಗಿಯ ಸೊಸೆ ತಪಾಸಣೆಗೆ ಬಂದಿದ್ದರು. ಸೀರೆ ಉಟ್ಟವರು, ಘುಗ್ರಿ ಇರಲಿಲ್ಲ. ಎಕ್ಸ್‌ರೇಗೆ ತಾಳಿ ತೆಗೆಯಬಹುದೇ ಎಂದು ವಿದ್ಯಾರ್ಥಿನಿ ಅಳುಕಿನಿಂದ ಕೇಳಿದರೆ, ‘ತಗೀತೀನಿ ತಗೋರಿ, ಅದಕ್ಕೇನ್ ಹರಕತ್ತ’ ಎಂದು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಒಂದೇ ಮನೆಯ ಅತ್ತೆ ಸೊಸೆಯರಲ್ಲಿ ಇಷ್ಟು ಅಂತರವಿರುವಾಗ ಇಡೀ ಸಮುದಾಯವನ್ನು ಒಂದು ಸ್ಲೈಡಿನಲ್ಲಿ ಕೂರಿಸಿದರೆ, ಕೇಳಬೇಕಾದ ಪ್ರಶ್ನೆಯನ್ನು ವಿದ್ಯಾರ್ಥಿ ಮತ್ತೆ ಕೇಳದೆ ಬಿಡುತ್ತಾನೆ. ಅಮೆರಿಕದ ಟೆರ್ವಲಾನ್ ಮತ್ತು ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು 1998ರಲ್ಲಿ, ವೈದ್ಯರಿಗೆ ಬೇಕಾದದ್ದು ಸಾಂಸ್ಕೃತಿಕ ಪರಿಣತಿಗಿಂತ ಸಾಂಸ್ಕೃತಿಕ ವಿನಯ ಎಂದು ವಾದಿಸಿದರು. ನಾನು ಆ ಮಾತನ್ನು ಒಪ್ಪಿಕೊಂಡದ್ದು ಆ ಸೊಸೆಯ ಸೆರಗಿನ ಗಂಟನ್ನು ನೋಡಿದ ಮೇಲೆ.

ಆಮೇಲೆ ನಮ್ಮ ವಿಭಾಗದಲ್ಲಿ ಕೆಲವು ಬದಲಾವಣೆಗಳಾದವು. ‘ಸಹಕರಿಸುತ್ತಿಲ್ಲ’ ಎಂದು ಬರೆದ ಕೇಸ್ ಶೀಟಿಗೆ ನಾನು ಈಗ ಸಹಿ ಹಾಕುವುದಿಲ್ಲ. ಏಕೆ ಎಂಬುದನ್ನು ರೋಗಿಯ ಮಾತಿನಲ್ಲೇ ಬರೆದು ತರಬೇಕು. ಮಕ್ಕಳನ್ನು ದುಭಾಷಿ ಮಾಡಿಕೊಳ್ಳುವಂತಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಜಡ್ಡಿನ ಮಾತುಗಳನ್ನು ಆ ಆಯಾ ಮತ್ತು ಹಳೇ ಹುಬ್ಬಳ್ಳಿಯ ಒಬ್ಬ ಸ್ಟಾಫ್ ನರ್ಸ್ ವಾರಕ್ಕೆ ಒಂದು ಗಂಟೆ ಹೇಳಿಕೊಡುತ್ತಾರೆ. ಆ ಗಂಟೆಗೆ ಅವರಿಗೆ ಸಂಭಾವನೆ ಕೊಡಿಸಲು ನನಗೆ ಇನ್ನೂ ಆಗಿಲ್ಲ, ಕಡತ ಓಡಾಡುತ್ತಿದೆ. ಅಂತಿಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಗುಲ್ಮದ (ಸ್ಪ್ಲೀನಿನ) ಗಾತ್ರವನ್ನು ಸರಿಯಾಗಿ ಹೇಳಿದವರಿಗೆ ಅಂಕವಿದೆ, ರೋಗಿಯ ಅಂಜಿಕೆಯನ್ನು ಹೊರತಂದವರಿಗೆ ಇಲ್ಲ. ವಿದ್ಯಾರ್ಥಿಗಳು ಅಂಕ ಇರುವುದನ್ನೇ ಕಲಿಯುತ್ತಾರೆ, ಅದಕ್ಕೆ ಅವರನ್ನು ದೂರಲಾರೆ.

ರೋಗಿಗೆ ಕಫದ ಮರುಪರೀಕ್ಷೆಯಲ್ಲಿ ಔಷಧ ನಿರೋಧಕತೆ ಕಾಣಲಿಲ್ಲ. ಚಿಕಿತ್ಸೆಯನ್ನು ಮೊದಲಿನಿಂದ ಆರಂಭಿಸಲಾಯಿತು. ಈ ಸಲ ಘುಗ್ರಿಯನ್ನು ಮೇಲಕ್ಕೆ ಕಟ್ಟಿ, ಪರದೆಯ ಹಿಂದೆ ಗೌನು ಹಾಕಿಸಿ ಎಕ್ಸ್‌ರೇ ತೆಗೆಸಿದೆವು. ಗೋವಾದ ಕೇಂದ್ರಕ್ಕೆ ದಾಖಲೆ ವರ್ಗವಾಯಿತು. ಯುಗಾದಿಯ ನಂತರ ಊರಿಗೆ ಬಂದಾಗ ಆರು ತಿಂಗಳ ಗುಳಿಗೆ ಮುಗಿದಿತ್ತು, ತೂಕ 46 ಕಿಲೋ ಆಗಿತ್ತು.

ಹೇಳಲು ಉಳಿದದ್ದು ಮೊಮ್ಮಗನ ವಿಷಯ. ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ, ನಮ್ಮ ಎದುರು ಎರಡು ಸಲ ನಿಂತು ಮಾತು ಮುಟ್ಟಿಸಿದ ಆ ಹುಡುಗನನ್ನು ಮೊದಲ ಭೇಟಿಯಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ನಮ್ಮ ಕಣ್ಣಿಗೆ ಅವನು ದುಭಾಷಿಯಾಗಿ ಕಂಡಿದ್ದನೇ ಹೊರತು ಕ್ಷಯ ರೋಗಿಯ ಮನೆಯ ಮಗುವಾಗಿ ಕಂಡಿರಲಿಲ್ಲ. ಎರಡನೆಯ ಸಲ ತಪಾಸಣೆ ಮಾಡಿ, ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಕ್ಷಯ ಬಾರದಂತೆ ತಡೆಯುವ ಗುಳಿಗೆಗಳನ್ನು ವಾರಕ್ಕೊಮ್ಮೆಯಂತೆ 12 ವಾರಕ್ಕೆ ಬರೆದರು. ಅದರಲ್ಲಿರುವ ರಿಫಾಪೆಂಟಿನ್ ಸಹ ರಿಫಾಂಪಿಸಿನ್ ಬಳಗದ್ದೇ, ಬಣ್ಣ ಬಿಡುವಂಥದ್ದೇ. ವಿದ್ಯಾರ್ಥಿನಿ ಅವನಿಗೆ ವಿವರಿಸಲು ಸ್ಟೂಲು ಎಳೆದುಕೊಂಡು ಕುಳಿತಳು. ಅವಳು ಮಾತು ತೆಗೆಯುವಷ್ಟರಲ್ಲಿ ಹಾಸಿಗೆಯ ಮೇಲಿದ್ದ ಅಜ್ಜಿ ಮೊಮ್ಮಗನ ತೋಳು ಹಿಡಿದು ಹತ್ತಿರ ಎಳೆದುಕೊಂಡು ಲಂಬಾಣಿಯಲ್ಲಿ ಏನೋ ಹೇಳಿದರು. ಹುಡುಗ ನಾಚಿ ತಲೆ ತಗ್ಗಿಸಿದ. ಆಯಾ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: ‘ಕೆಂಪ ಬರತೈತಿ, ಅಂಜಬ್ಯಾಡ, ಕಣ್ಣ ಹಳದಿ ಆದ್ರ ಅಷ್ಟ ನನಗ ಹೇಳು ಅಂದಾಳ್ರಿ.’